ಮಾಯಗಾತಿಯನ್ನು ಬರೆಯುವುದು ಹೇಗೆ? ಕ್ರೈಂ ಥ್ರಿಲ್ಲರ್ ಕಥೆಗಾರರಿಗೆ ಹಂತ ಹಂತದ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಹೊಸಬರು ಬರೆದ ಕ್ರೈಂ ಕಥೆಗಳನ್ನೂ ಕಿರುಚಿತ್ರದ ಸ್ಕ್ರಿಪ್ಟುಗಳನ್ನೂ ಕೆಲವು ವರ್ಷಗಳಿಂದ ಓದುತ್ತಿದ್ದೇನೆ. ತಿದ್ದಿಕೊಡಿ ಎಂದು ತಂದುಕೊಡುತ್ತಾರೆ. ಹೆಚ್ಚಿನವರು ಎಡವುವುದು ಒಂದೇ ಕಲ್ಲಿಗೆ: ನಾಯಕನನ್ನು ಮರುಳುಮಾಡಿ ಅಪರಾಧಕ್ಕೆ ಇಳಿಸುವ ಮಾಯಗಾತಿಯ ಪಾತ್ರ. ಕಥೆಯೊಳಗೆ ಬೆಂಗಳೂರಿನಿಂದ ಒಬ್ಬ ಹೆಂಗಸು ಬರುತ್ತಾಳೆ. ಕೆಂಪು ಸೀರೆ, ಕೈಯಲ್ಲಿ ಸಿಗರೇಟು. ನಾಯಕ ನೋಡಿದ ಕೂಡಲೇ ಮರುಳಾಗುತ್ತಾನೆ. ಎರಡನೇ ಭೇಟಿಯಲ್ಲೇ ಅವಳು ಗಂಡನನ್ನು ಕೊಲ್ಲು ಎನ್ನುತ್ತಾಳೆ, ಅವನು ಕೊಲ್ಲುತ್ತಾನೆ. ಕೊನೇ ಪುಟದಲ್ಲಿ "ನಿನ್ನನ್ನು ಬಳಸಿಕೊಂಡೆ" ಎಂದು ನಗುತ್ತಾಳೆ. ಓದುವವರಿಗೆ ಏನೂ ಅನ್ನಿಸುವುದಿಲ್ಲ. ಅವಳು ಎಂಥವಳು ಎನ್ನುವುದನ್ನು ಸೀರೆಯ ಬಣ್ಣವೇ ಹೇಳಿಬಿಟ್ಟಿತ್ತು.

ನಿಯೋ-ನುವಾರ್ ಎನ್ನುವ, ಅಪರಾಧ, ಮೋಹ, ಮೋಸಗಳ ಕತ್ತಲೆ ಕಥೆಗಳಲ್ಲಿ ಈ ಪಾತ್ರ ಗೆಲ್ಲುವುದು ಬೇರೆ ರೀತಿ. ಅವಳು ಅವನ ತಲೆಗೆ ಹೊಸದಾಗಿ ಏನನ್ನೂ ತುಂಬುವುದಿಲ್ಲ. ಅವನೊಳಗೆ ಆಗಲೇ ಇರುವ ಆಸೆಗೆ ಬಾಗಿಲು ತೆರೆದು ಪಕ್ಕಕ್ಕೆ ನಿಲ್ಲುತ್ತಾಳೆ, ಅಷ್ಟೆ. ಕೊಲೆಯ ಮಾತು ಅವನ ಬಾಯಿಂದಲೇ ಬರಬೇಕು. ಕೆಳಗಿನ ಹಂತಗಳೆಲ್ಲ ಆ ಒಂದು ಮಾತಿಗೆ ಹಾಕುವ ಪಾಯ. ಆದ್ದರಿಂದ ಇವುಗಳ ಕ್ರಮ ತಪ್ಪಿಸಬೇಡಿ. ಹಂತ 4ರಿಂದ ಶುರುಮಾಡಿದವರೆಲ್ಲ ನಡುವೆ ಸಿಕ್ಕಿಹಾಕಿಕೊಂಡದ್ದನ್ನು ನೋಡಿದ್ದೇನೆ.

ಬೇಕಾದ ಸಾಮಾನು

ಎರಡು ನೋಟ್‌ಬುಕ್ಕು: ಒಂದು ಅವಳದು, ಒಂದು ಅವನದು. ಕಥೆ ನಡೆಯುವ ವರ್ಷದ ಗೋಡೆ ಕ್ಯಾಲೆಂಡರ್. ಅಮಾವಾಸ್ಯೆ, ಹಬ್ಬ, ರಜೆ ಎಲ್ಲ ಇರುವಂಥದ್ದು. ಊರಿನ ನಕ್ಷೆ. ಆಸ್ತಿ ವ್ಯಾಜ್ಯ ನಡೆಸುವ ವಕೀಲರೊಬ್ಬರ ಜೊತೆ ಒಂದು ಗಂಟೆ ಮಾತು. ಕ್ರಿಮಿನಲ್ ವಕೀಲರಿಗಿಂತ ಆಸ್ತಿ ವಕೀಲರೇ ಈ ಕೆಲಸಕ್ಕೆ ಹೆಚ್ಚು ಬೇಕಾದವರು. ಯಾಕೆ ಎನ್ನುವುದು ಹಂತ 3ರಲ್ಲಿ ತಿಳಿಯುತ್ತದೆ.

ವಿವರಿಸಲು ಅನುಕೂಲವಾಗಲಿ ಎಂದು ಒಂದು ಕಲ್ಪಿತ ಕಥೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಸಾವ್ಕಾರ್ ಶಂಕ್ರಪ್ಪ. ಹೆಂಡತಿ ಗಿರಿಜಾ, 34 ವರ್ಷ. ಒಬ್ಬಳು ಮಗಳು, ಮನೆಯಲ್ಲಿ ಅತ್ತೆ. ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತ ಮಂಜುನಾಥ, 29 ವರ್ಷ. ಕಥೆ ಹೇಳುವವನೂ ಅವನೇ.

ಹಂತ 1: ಅವಳ ನೋಟ್‌ಬುಕ್ ಮೊದಲು ತುಂಬಿಸಿ

ಅವನ ಕಥೆಯ ಒಂದು ಸಾಲನ್ನೂ ಬರೆಯುವ ಮೊದಲು, ಅವಳ ಬಾಯಲ್ಲಿ, "ನಾನು" ಎಂದು ಶುರುಮಾಡಿ ಐದಾರು ಪುಟ ಬರೆಯಿರಿ. ಕಥೆ ಶುರುವಾಗುವುದಕ್ಕೆ ಎರಡು ವರ್ಷ ಹಿಂದಿನಿಂದ, ತಾರೀಖು ಹಾಕಿ. ಈ ಪುಟಗಳು ಕಥೆಯಲ್ಲಿ ಬರುವುದೇ ಇಲ್ಲ. ಆದರೆ ಇವಿಲ್ಲದೆ ಬರೆದ ಪಾತ್ರ ಟೊಳ್ಳು ಎನ್ನುವುದು ಮೂರನೇ ದೃಶ್ಯದ ಹೊತ್ತಿಗೆ ಗೊತ್ತಾಗಿಬಿಡುತ್ತದೆ.

ಅವಳಿಗೆ ಬೇಕಾದದ್ದು "ದುಡ್ಡು" ಎಂದು ಬರೆದಿದ್ದರೆ ಆ ಪುಟ ಹರಿದುಹಾಕಿ. ಎಷ್ಟು ದುಡ್ಡು, ಯಾವ ಜಮೀನು, ಅದು ಈಗ ಯಾರ ಹೆಸರಲ್ಲಿದೆ, ಯಾವತ್ತು ಕೈತಪ್ಪಿತು? ಗಿರಿಜಾಳ ಅಪ್ಪನಿಗೆ ಚನ್ನಗಿರಿ ಕಡೆ ನಾಲ್ಕು ಎಕರೆ ಅಡಿಕೆ ತೋಟವಿತ್ತು. ಸಾಲಕ್ಕೆ ಸಿಕ್ಕಾಗ ಅಳಿಯ ಶಂಕ್ರಪ್ಪ ಸಾಲ ತೀರಿಸಿ, ತೋಟವನ್ನು ತನ್ನ ಹೆಸರಿಗೆ ಕ್ರಯ ಮಾಡಿಸಿಕೊಂಡ. "ಮಗಳ ಹೆಸರಿಗೇ ಬರೆಸ್ತೀನಿ ಮಾವಾ" ಅಂದಿದ್ದ, ಬರೆಸಲಿಲ್ಲ. ಅಪ್ಪ ಸತ್ತ. ಗಿರಿಜಾಗೆ ಬೇಕಿರುವುದು ಆ ತೋಟ. ಇದು ನಿಜವಾದ ಅನ್ಯಾಯ. ಮುಂದೆ ಅವಳು ಮಂಜುನಿಗೆ ಇದನ್ನು ಹೇಳುವಾಗ ಒಂದಕ್ಷರ ಸುಳ್ಳು ಬೇಕಾಗುವುದಿಲ್ಲ. ಒಳ್ಳೆಯ ಮಾಯಗಾತಿ ಅರ್ಧ ನಿಜವನ್ನೇ ಪೂರ್ತಿ ಎನ್ನುವ ಹಾಗೆ ಹೇಳುತ್ತಾಳೆ. ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳುವ ಹೊರೆ ಅವಳ ಮೇಲೆ ಬೀಳುತ್ತದೆ.

ಎಚ್ಚರಿಕೆಯ ಗುರುತು: ಅವಳ ಬಗ್ಗೆ ಇಪ್ಪತ್ತು ಸಾಲು ಬರೆಯುವಷ್ಟರಲ್ಲಿ ಅವಳ ಕಣ್ಣು, ಸೊಂಟ, ಮಲ್ಲಿಗೆಯ ವಾಸನೆ ಬಂದಿದ್ದರೆ ನೀವು ಬರೆಯುತ್ತಿರುವುದು ಮಂಜುನ ನೋಟ್‌ಬುಕ್ಕು. ಎತ್ತಿಟ್ಟುಕೊಳ್ಳಿ, ಮುಂದಿನ ಹಂತಕ್ಕೆ ಬೇಕಾಗುತ್ತದೆ.

ಹಂತ 2: ಅವನ ಬಿರುಕು ಹುಡುಕಿ

ಬೇರೆ ಯಾರನ್ನೂ ಅಲ್ಲ, ಇವನನ್ನೇ ಯಾಕೆ ಆರಿಸಿದಳು? "ಪ್ರೀತಿಸಿದ, ಅದಕ್ಕೆ" ಎನ್ನುವುದು ಉತ್ತರವಲ್ಲ. ಅವನ ದೌರ್ಬಲ್ಯವೇ ಅವಳ ಕೆಲಸಕ್ಕೆ ಬೇಕಾದ ಅರ್ಹತೆ ಆಗಿರಬೇಕು.

1981ರ 'ಬಾಡಿ ಹೀಟ್' ಸಿನಿಮಾ ಇದಕ್ಕೆ ಗಟ್ಟಿ ಮಾದರಿ. ಅಲ್ಲಿನ ವಕೀಲ ಹಿಂದೊಮ್ಮೆ ಒಂದು ಉಯಿಲನ್ನು ಬರೆಯುವಾಗ ತಪ್ಪು ಮಾಡಿದ್ದವನು. ಅವಳು ಅವನನ್ನು ಆರಿಸುವುದೇ ಆ ಕಾರಣಕ್ಕೆ. ಗಂಡನ ಉಯಿಲು ಅದೇ ಥರದ ತಪ್ಪಿನಿಂದ ಅಸಿಂಧುವಾದರೆ, ಪಾಲುದಾರರಿಲ್ಲದೆ ಇಡೀ ಆಸ್ತಿ ಅವಳಿಗೆ ಬರುತ್ತದೆ. ಅವನ ದಡ್ಡತನ ಎಲ್ಲರೂ ನಂಬುವಂಥದ್ದು. 1944ರ 'ಡಬಲ್ ಇಂಡೆಮ್ನಿಟಿ'ಯ ವಿಮಾ ಏಜೆಂಟ್ ಇನ್ನೂ ಸ್ಪಷ್ಟ: ಕಂಪನಿಗೆ ಟೋಪಿ ಹಾಕುವುದು ಹೇಗೆಂದು ಅವಳು ಸಿಗುವ ಮೊದಲೇ ಅವನು ಯೋಚಿಸಿದ್ದವನು. ಬೀಜ ಅವನದು, ಅವಳು ನೀರು ಹಾಕಿದಳು.

ಮಂಜುನ ಬಿರುಕು ಚಿಕ್ಕದು. ತಂಗಿಯ ಮದುವೆಗೆ ಗಲ್ಲಾದಿಂದ 40,000 ರೂಪಾಯಿ ತೆಗೆದು, ಲೆಕ್ಕದಲ್ಲಿ ಹಮಾಲಿ ಖರ್ಚು ಎಂದು ಚೂರುಚೂರಾಗಿ ಬರೆದಿದ್ದಾನೆ. ವಾಪಸ್ ಹಾಕಬೇಕೆಂದೇ ಇದ್ದ. ಬಿರುಕು ಇಷ್ಟೇ ಸಣ್ಣದಿರಲಿ. ಮೊದಲೇ ರೌಡಿಯಾಗಿದ್ದವನು ಕೊಲೆ ಮಾಡಿದರೆ ಅದರಲ್ಲಿ ಮಾಯಗಾತಿಯ ಕೆಲಸವೇನೂ ಉಳಿಯುವುದಿಲ್ಲ.

ಹಂತ 3: ಕಾನೂನಿನ ಮೊಳೆ ಹೊಡೆಯಿರಿ

ನನ್ನ ಕೈಗೆ ಬಂದ ಕಥೆಗಳಲ್ಲಿ ಹತ್ತಕ್ಕೆ ಒಂಬತ್ತು ಇಲ್ಲಿ ಬಿದ್ದುಹೋಗುತ್ತವೆ. ಗಂಡ ಸತ್ತ, ಆಸ್ತಿಯೆಲ್ಲ ಹೆಂಡತಿಗೆ ಬಂತು ಎಂದು ಬರೆದುಬಿಡುತ್ತಾರೆ. ಹಾಗೆ ಬರುವುದಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ಸತ್ತ ಗಂಡಸಿನ ಸ್ವಯಾರ್ಜಿತ ಆಸ್ತಿಗೆ ಹೆಂಡತಿ, ಮಕ್ಕಳು, ತಾಯಿ ಸಮಪಾಲು. ಅಂದರೆ ಗಿರಿಜಾಗೆ ಮೂರರಲ್ಲಿ ಒಂದು, ಮಗಳಿಗೆ ಒಂದು, ಅತ್ತೆಗೆ ಒಂದು. ಮಗಳು ಅಪ್ರಾಪ್ತಳಾದರೆ ಅವಳ ಪಾಲನ್ನು ಮಾರಲು ಕೋರ್ಟಿನ ಅನುಮತಿ ಬೇಕು. ಪೌತಿ ಖಾತೆಗೆ, ಅಂದರೆ ಸತ್ತವನ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಅರ್ಜಿ ಹಾಕಿದರೆ ವಾರಸುದಾರರೆಲ್ಲರ ಹೆಸರೂ ಬರುತ್ತದೆ. ಉಯಿಲಿದ್ದರೆ ಅದನ್ನು ನೋಂದಣಿ ಮಾಡಿಸಲೇಬೇಕೆಂದಿಲ್ಲ, ಆದರೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಆ ಇಬ್ಬರು ಯಾರು ಎನ್ನುವುದೇ ಒಂದು ಅಧ್ಯಾಯವಾಗಬಹುದು.

ಅದೇ ಕಾಯ್ದೆಯ 25ನೇ ಕಲಂ ನಿಮ್ಮ ಕಥೆಯ ಬೆನ್ನೆಲುಬು. ಕೊಲೆ ಮಾಡಿದವರಿಗೂ, ಕೊಲೆಗೆ ಕುಮ್ಮಕ್ಕು ಕೊಟ್ಟವರಿಗೂ ಸತ್ತವನ ಆಸ್ತಿಯಲ್ಲಿ ಹಕ್ಕಿಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ. ಗಿರಿಜಾ ಸಿಕ್ಕಿಬಿದ್ದರೆ ಜೈಲು ಮಾತ್ರವಲ್ಲ, ತೋಟವೂ ಹೋಯಿತು. ಯಾವ ತೋಟಕ್ಕಾಗಿ ಇಷ್ಟೆಲ್ಲ ಮಾಡಿದಳೋ ಅದೇ. ಹಾಗಾಗಿ ಮಂಜು ಸಿಕ್ಕಿಬೀಳುವುದು ಅವಳಿಗೆ ಅಪಘಾತವಲ್ಲ, ಅಗತ್ಯ. ಅವನು ಒಬ್ಬನೇ ಸಿಕ್ಕಿಬೀಳಬೇಕು, ಅವನದೇ ಕಾರಣಕ್ಕೆ ಕೊಂದ ಎಂದು ಎಲ್ಲರೂ ನಂಬಬೇಕು. ಅವನಿಗೆ ಮೋಸಮಾಡುವ ಮನಸ್ಸು ಅವಳಿಗೆ ಯಾಕೆ ಬಂತು ಎಂದು ನೀವು ಬೇರೆ ವಿವರಿಸಬೇಕಾಗಿಲ್ಲ. ಕಾನೂನೇ ಆ ಕೆಲಸ ಮಾಡಿತು.

ವಿಮೆಯ ದುಡ್ಡು ತರುವುದಾದರೆ ಒಂದು ಮಾತು: ಪಾಲಿಸಿ ಶುರುವಾಗಿ ಮೂರು ವರ್ಷ ದಾಟಿದ ಮೇಲೆ, ಅರ್ಜಿಯಲ್ಲಿ ತಪ್ಪು ಮಾಹಿತಿ ಇತ್ತು ಎಂದು ಕಂಪನಿ ತಗಾದೆ ತೆಗೆಯುವಂತಿಲ್ಲ. ತಾಳ್ಮೆಯ ಹೆಂಗಸು ಆ ಮೂರು ವರ್ಷ ಕಾಯುತ್ತಾಳೆ. ಅವಸರದವಳು ಪೊಲೀಸರ ಕಣ್ಣಿಗೆ ಬೀಳುತ್ತಾಳೆ.

ಹಂತ 4: ಮೊದಲ ಭೇಟಿ ಒಂದು ಉಪಕಾರವಾಗಿರಲಿ

ಮೋಹದಿಂದ ಶುರುಮಾಡಬೇಡಿ, ಋಣದಿಂದ ಶುರುಮಾಡಿ. ನಮ್ಮ ಕಡೆ ಗಂಡಸು ಚೆಲುವಿಗೆ ಬೀಳುವುದಕ್ಕಿಂತ ಬೇಗ ಹಂಗಿಗೆ ಬೀಳುತ್ತಾನೆ.

ಗಿರಿಜಾ ಮಧ್ಯಾಹ್ನ ಅಂಗಡಿಗೆ ಬರುತ್ತಾಳೆ. ಸಾವ್ಕಾರ್ರು ಊಟಕ್ಕೆ ಹೋಗಿದ್ದಾರೆ. ಒಂದು ಕವರ್ ಮೇಜಿನ ಮೇಲಿಡುತ್ತಾಳೆ. "ಮಂಜಣ್ಣ, ಇದನ್ನ ಗಲ್ಲಾದಾಗ ಹಾಕ್ರಿ. ಸಂಜಿಗೆ ಹಮಾಲಿ ಲೆಕ್ಕ ನೋಡ್ತಾರಂತ ನಮ್ಮ ಮನೆಯವ್ರು." ಒಳಗೆ ಸರಿಯಾಗಿ 40,000. ತಂಗಿಯ ಹೆಸರೂ ಇಲ್ಲ, ಕಳ್ಳತನ ಎಂಬ ಪದವೂ ಇಲ್ಲ. ಹೊರಡುವಾಗ, "ಕೈಗಡ ಅಂತ ಒಂದು ಚೀಟಿ ಬರೆದು ಕೊಡ್ರಿ, ನನ್ನ ಸಮಾಧಾನಕ್ಕ." ಅವನು ಕೃತಜ್ಞತೆಯಿಂದ ಸಹಿ ಹಾಕುತ್ತಾನೆ.

ಆ ಚೀಟಿಯನ್ನು ಮರೆಯಬೇಡಿ, ಹಂತ 8ರಲ್ಲಿ ವಾಪಸ್ ಬರುತ್ತದೆ.

ಹಂತ 5: ಸಂಬೋಧನೆಯ ಮೆಟ್ಟಿಲು ಇಳಿಸಿ

ಕನ್ನಡದಲ್ಲಿ ಬರೆಯುವವರಿಗೆ ಸಿಕ್ಕಿರುವ ದೊಡ್ಡ ಅನುಕೂಲ ಇದು. ಬಳಸಿದವರು ಮಾತ್ರ ಕಡಿಮೆ. ಇಂಗ್ಲಿಷಿನಲ್ಲಿ ಎಲ್ಲರೂ ಎಲ್ಲರಿಗೂ ಒಂದೇ "ಯೂ". ನಮ್ಮಲ್ಲಿ ಒಂದು "ಅಣ್ಣ" ಬಿಟ್ಟುಹೋದರೆ ಎದೆ ಝಲ್ ಎನ್ನುತ್ತದೆ.

ಮೊದಲು ಪಟ್ಟಿ ಮಾಡಿಕೊಳ್ಳಿ. ಅವಳು ಅವನನ್ನು ಕರೆಯುವುದು: ಮಂಜಣ್ಣ, ಆಮೇಲೆ ಹೆಸರೇ ಇಲ್ಲದೆ ಬರೀ "ನೋಡ್ರಿ", ಆಮೇಲೆ "ಮಂಜು", ಕೊನೆಗೆ "ನೀನು". ಅವನು ಅವಳನ್ನು: ಅಮ್ಮಾರೆ, ಆಮೇಲೆ ಬರೀ "ನೀವು", ಕೊನೆಗೆ ಹೆಸರು. ಅವಳು ಗಂಡನನ್ನು: "ನಮ್ಮ ಮನೆಯವ್ರು", ಆಮೇಲೆ "ನಿಮ್ಮ ಸಾವ್ಕಾರ್ರು", ಕೊನೆಗೆ "ಅವರು". ಈ ಮೂರನೇ ಸಾಲು ಎಲ್ಲಕ್ಕಿಂತ ಮುಖ್ಯ. "ನಮ್ಮ" ಹೋಗಿ "ನಿಮ್ಮ" ಆದ ದಿನ ಗಂಡ ಮನೆಯಿಂದ ಆಚೆ ಹೋದ ಹಾಗೆ. ಒಂದು ಬೈಗುಳವನ್ನೂ ಬರೆಯದೆ ಸಂಸಾರ ಮುರಿದದ್ದನ್ನು ತೋರಿಸಿದಿರಿ.

ಒಂದೊಂದು ಮೆಟ್ಟಿಲಿಗೂ ಒಂದೊಂದು ದೃಶ್ಯ ಕೊಡಿ. ಮೆಟ್ಟಿಲು ಇಳಿಯುವವಳು ಮೊದಲು ಅವಳೇ ಆಗಿರಲಿ, ಇಳಿದ ಮೇಲೆ ಮಾರನೇ ದಿನವೇ ಮೇಲಕ್ಕೆ ಹತ್ತಲಿ. ಶುಕ್ರವಾರ ದುಗ್ಗಮ್ಮನ ಗುಡಿಯ ಜನಜಂಗುಳಿಯಲ್ಲಿ ಒಂದೇ ಸಲ "ಮಂಜು" ಎಂದವಳು, ಶನಿವಾರ ಅಂಗಡಿಯಲ್ಲಿ ಗಂಡನ ಮುಂದೆ ಮತ್ತೆ "ಮಂಜಣ್ಣ, ನೀರು ಕೊಡ್ರಿ" ಎನ್ನುತ್ತಾಳೆ. ಅವನು ಆ ಒಂದು "ಮಂಜು"ವನ್ನು ರಾತ್ರಿಯೆಲ್ಲ ಮೆಲುಕು ಹಾಕಿದ್ದಾನೆ. ಈಗ ಅದು ಕಿತ್ತುಕೊಂಡು ಹೋಯಿತು. ಮುಟ್ಟುವ ದೃಶ್ಯ ಬರೆಯುವುದಕ್ಕಿಂತ ಹೆಚ್ಚಿನ ಬಿಸಿ ಇದರಲ್ಲಿದೆ.

ಸಾಮಾನ್ಯ ತಪ್ಪು: ಹೀರೋ ಎರಡನೇ ಭೇಟಿಗೇ ಸಾವ್ಕಾರ್ರ ಹೆಂಡತಿಯನ್ನು "ಗಿರಿಜಾ, ನಾನು ನಿನ್ನನ್ನು ಪ್ರೀತಿಸುತ್ತೇನೆ" ಎನ್ನುವುದು. ದಾವಣಗೆರೆಯ ಯಾವ ಗುಮಾಸ್ತನೂ ಹಾಗೆ ಮಾತಾಡುವುದಿಲ್ಲ. ಇದು ಡಬ್ಬಿಂಗ್ ಸಿನಿಮಾದಿಂದ ಬಂದ ವಾಕ್ಯ.

ಹಂತ 6: ಕೊಲೆಯ ಮಾತು ಅವನ ಬಾಯಿಂದ ಬರಿಸಿ

ಇಡೀ ಕಥೆಯ ನೆತ್ತಿ ಇದು. ಇದನ್ನು ಐದು ಸಲವಾದರೂ ತಿದ್ದಿ ಬರೆಯಬೇಕು. ತಪ್ಪು ರೂಪ ಹೀಗಿರುತ್ತದೆ: "ಅವನು ಬದುಕಿರೋವರೆಗೂ ನಾವು ಒಂದಾಗೋಕೆ ಸಾಧ್ಯ ಇಲ್ಲ. ಅವನನ್ನು ಮುಗಿಸಿಬಿಡು." ಇದನ್ನು ಕೇಳಿ ಎದ್ದುಹೋಗದ ಗಂಡಸು ಮೂರ್ಖ. ಮೂರ್ಖನ ಪತನವನ್ನು ಯಾರೂ ಉಸಿರು ಬಿಗಿಹಿಡಿದು ಓದುವುದಿಲ್ಲ.

ಹೀಗೆ ಬರೆದು ನೋಡಿ:

"ಬಿಡ್ರಿ. ಇನ್ನ ಮೂವತ್ತು ವರ್ಷ ಹಿಂಗ ಹೋಗ್ತೈತಿ."

"ಮೂವತ್ತು ವರ್ಷನಾ?"

"ಅವರಪ್ಪಾರು ಎಂಬತ್ತೆಂಟು ಬದುಕಿದ್ರು. ಗಟ್ಟಿ ಮನಿತನ."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. "ತೋಟಕ್ಕ ಒಬ್ಬರೇ ಹೋಗ್ತಾರೇನ್ರಿ?"

"ಯಾಕ ಕೇಳ್ತೀರಿ?"

"ಸುಮ್ನ."

"ಹಂಗೆಲ್ಲ ಕೇಳಬ್ಯಾಡ್ರಿ. ನನಗ ಹೆದರಿಕಿ ಆಗ್ತೈತಿ."

ಇಲ್ಲಿ ಅವಳು ಬಳಸಿದ್ದು ಮೂರೇ ಮೂರು ಆಯುಧ. ಒಂದು ಸಂಖ್ಯೆ: "ತುಂಬಾ ದಿನ" ಎನ್ನದೆ ಮೂವತ್ತು ವರ್ಷ ಎಂದಳು, ಅವನು ಕೂಡಲೇ ತನ್ನ ವಯಸ್ಸಿಗೆ ಸೇರಿಸಿ ಐವತ್ತೊಂಬತ್ತು ಎಂದು ಲೆಕ್ಕ ಹಾಕಿದ. ಅವನು ಲೆಕ್ಕದವನೇ. ಎರಡನೆಯದು ಅವನು ಸುಮ್ಮನಿದ್ದಾಗ ತಾನೂ ಸುಮ್ಮನಿದ್ದದ್ದು. ಮೂರನೆಯದು ನಿರಾಕರಣೆ. "ಕೇಳಬ್ಯಾಡ್ರಿ" ಎಂದ ಮೇಲೆ ಆ ಯೋಚನೆ ಪೂರ್ತಿ ಅವನದಾಯಿತು. ಇನ್ನು ಮುಂದೆ ಅವನು ಅವಳನ್ನು ಒಪ್ಪಿಸಬೇಕು, ಧೈರ್ಯ ತುಂಬಬೇಕು. ಮುಂದಿನ ಎರಡು ದೃಶ್ಯಗಳಲ್ಲಿ ಅವನು ಒತ್ತಾಯಿಸುವವನು, ಅವಳು ಬೇಡ ಎನ್ನುವವಳು. ಅವನ ಬಳಿ ಯಾವತ್ತಾದರೂ ಟೇಪ್ ರೆಕಾರ್ಡ್ ಇದ್ದರೂ ಅದರಲ್ಲಿ ಸಿಗುವುದು ಅವಳ "ಬ್ಯಾಡ" ಮಾತ್ರ.

ಪರೀಕ್ಷೆ: ಈ ದೃಶ್ಯದ ಅವಳ ಮಾತುಗಳನ್ನಷ್ಟೇ ಬೇರೆ ಹಾಳೆಗೆ ಬರೆದು, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಅವರಿಗೆ ಅವಳು ನೊಂದ ಗೃಹಿಣಿಯಾಗಿ ಕಂಡರೆ ನಿಮ್ಮ ಬರವಣಿಗೆ ಸರಿಯಿದೆ.

ಹಂತ 7: ಜಾಗ ಮತ್ತು ಬೆಳಕು

ಮಳೆ ಸುರಿಸಬೇಡಿ. ಮಳೆ, ಒದ್ದೆ ರಸ್ತೆ, ನಿಯಾನ್ ದೀಪ ಇವೆಲ್ಲ ಪರದೇಶದ ಸಿನಿಮಾದವು. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಅಲ್ಲಿನ ಕಥೆಯಲ್ಲಿ ದಿನಾ ರಾತ್ರಿ ಮಳೆ ಬಂದರೆ ಊರಿನವರು ಪುಸ್ತಕ ಮುಚ್ಚಿಡುತ್ತಾರೆ. ನಮಗೆ ಬಿಸಿಲಿದೆ, ಸುಗ್ಗಿ ಕಾಲದ ಮೆಕ್ಕೆಜೋಳದ ದೂಳಿದೆ, ಮಂಡಕ್ಕಿ ಭಟ್ಟಿಯ ಹೊಗೆಯಿದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರದ ಕೆಳಗೆ ಇಳಿಹೊತ್ತಿನಲ್ಲಿ ನಿಂತು ನೋಡಿ: ರೆಕ್ಕೆಯ ಉದ್ದನೆ ನೆರಳು ಮುಖದ ಮೇಲೆ ಹಾದು ಹೋಗುತ್ತದೆ, ಮತ್ತೆ ಬರುತ್ತದೆ. ಆ ಪರದೇಶದ ಸಿನಿಮಾಗಳಲ್ಲಿ ಮುಖದ ಮೇಲೆ ಬೀಳುವ ಕಿಟಕಿ ಪಟ್ಟಿಗಳ ನೆರಳಿಗಿಂತ ಇದು ನಮ್ಮದು.

ಗುಟ್ಟಿನ ಭೇಟಿಯನ್ನು ಪಾಳುಮನೆಯಲ್ಲೋ ಲಾಡ್ಜಿನಲ್ಲೋ ಇಡಬೇಡಿ. ದಾವಣಗೆರೆಯಲ್ಲಿ ಸಾವ್ಕಾರ್ರ ಹೆಂಡತಿ ಲಾಡ್ಜಿನ ಮೆಟ್ಟಿಲು ಹತ್ತಿದ ಸುದ್ದಿ ಅವಳು ಇಳಿಯುವ ಮೊದಲೇ ಮಂಡಿಪೇಟೆ ಮುಟ್ಟಿರುತ್ತದೆ. ಗುಡಿ, ಬ್ಯಾಂಕಿನ ಸಾಲು, ಮದುವೆ ಮಂಟಪದ ಊಟದ ಪಂಕ್ತಿ, ಕುಂದವಾಡ ಕೆರೆಯ ಬೆಳಗಿನ ವಾಕಿಂಗ್: ಎಲ್ಲರೂ ನೋಡುವ ಜಾಗದಲ್ಲಿ, ಯಾರಿಗೂ ಕೇಳದ ಹಾಗೆ ಮಾತಾಡಿಸಿ.

ಪದೇ ಪದೇ ಕಾಣುವ ಎರಡು ತಪ್ಪು. ಓಬವ್ವನ ಕಿಂಡಿಯ ಹತ್ತಿರ ನಡುರಾತ್ರಿ ಕೊಲೆ: ಕೋಟೆ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ, ಸಂಜೆಗೆ ಬಾಗಿಲು ಹಾಕುತ್ತಾರೆ, ಒಳಗೆ ಹೋದದ್ದು ಹೇಗೆಂದು ನೀವು ಹೇಳಬೇಕು. ಭದ್ರಾ ನಾಲೆಗೆ ಹೆಣ ಎಸೆಯುವುದು: ನಾಲೆಯಲ್ಲಿ ವರ್ಷಪೂರ್ತಿ ನೀರು ಹರಿಯುವುದಿಲ್ಲ. ಬೇಸಿಗೆ ಬೆಳೆ ಮುಗಿದು ಮಳೆಗಾಲದ ನೀರು ಬಿಡುವವರೆಗೆ ಹೆಣ ಒಣ ನೆಲದ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದಿರುತ್ತದೆ. ಕ್ಯಾಲೆಂಡರ್ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಹಂತ 8: ಎರಡು ಅರ್ಥದ ಸುಳಿವು ಬಿತ್ತಿ

ಕೊನೆಗೆ ಬಯಲಾಗುವುದೆಲ್ಲ ಮೊದಲೇ ಓದುಗರ ಕಣ್ಣೆದುರಿಗಿರಬೇಕು, ಬೇರೆ ಅರ್ಥದಲ್ಲಿ. ಹೊಸದಾಗಿ ಅವಳಿ ತಂಗಿಯನ್ನೋ ಗುಪ್ತ ಪ್ರಿಯಕರನನ್ನೋ ಕೊನೇ ಪುಟದಲ್ಲಿ ಇಳಿಸಿದರೆ ಅದು ಓದುಗರಿಗೆ ಮಾಡುವ ಅನ್ಯಾಯ.

ಗಿರಿಜಾ ಮಂಜುನಿಗೆ ಯಾವತ್ತೂ ಫೋನ್ ಮಾಡುವುದಿಲ್ಲ, ಒಂದು ವಾಟ್ಸಾಪ್ ಮೆಸೇಜೂ ಹಾಕುವುದಿಲ್ಲ. ಮಂಜು ಇದನ್ನು ಮಾನವಂತ ಮನೆತನದ ಹೆಣ್ಣಿನ ಸಂಕೋಚ ಎಂದುಕೊಂಡು ಇನ್ನಷ್ಟು ಗೌರವಿಸುತ್ತಾನೆ. ಪೊಲೀಸರು ಸಿಡಿಆರ್ (ಫೋನ್ ಕರೆಗಳ ದಾಖಲೆ) ತೆಗೆದಾಗ ಅವನಿಂದ ಅವಳಿಗೆ ಹೋದ ಕರೆಗಳು ಮಾತ್ರ ಸಿಗುತ್ತವೆ. ಕೈಗಡದ ಚೀಟಿಯೂ ಹಾಗೇ. ಅವನ ಪಾಲಿಗೆ ಅದು ಅವಳ ದೊಡ್ಡ ಮನಸ್ಸಿನ ಗುರುತು. ಠಾಣೆಯಲ್ಲಿ ಅದು, "ತಂಗಿ ಮದುವಿಗೆ ಅಂತ ಇಸ್ಕೊಂಡ, ಆಮೇಲೆ ಇನ್ನ ಕೇಳಾಕ ಹತ್ತಿದ" ಎಂಬ ಮಾತಿಗೆ ಸಾಕ್ಷಿ. ಕಾಗದ ಒಂದೇ, ಅಕ್ಷರ ಒಂದೇ.

ಇಂಥ ಸುಳಿವು ಮೂರು ಸಾಕು. ಏಳೆಂಟಾದರೆ ಓದುಗರಿಗೆ ಮೊದಲೇ ಅನುಮಾನ ಬರುತ್ತದೆ.

ಹಂತ 9: ತನಿಖೆ

ಇಲ್ಲಿ ಬೇಗ ಸಾಗಿ, ಆದರೆ ತಪ್ಪು ಮಾಡಬೇಡಿ. ಅನುಮಾನಾಸ್ಪದ ಸಾವಾದರೆ ಮೊದಲು ದಾಖಲಾಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಪಂಚರ ಮುಂದೆ ಶವ ಮಹಜರು, ಆಮೇಲೆ ಪೋಸ್ಟ್‌ಮಾರ್ಟಂ. 2024ರ ಜುಲೈ 1ರ ನಂತರ ನಡೆದ ಕೊಲೆಗೆ ಹಳೆಯ ಐಪಿಸಿಯ "302" ಎಂದು ಬರೆಯಬೇಡಿ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 103. ದಾವಣಗೆರೆ ಹತ್ತಿರದ ಹೆಬ್ಬಾಳು ಟೋಲ್ ದಾಟಿದ ಕಾರು ಫಾಸ್ಟ್ಯಾಗ್‌ನಲ್ಲಿ ಗುರುತು ಬಿಡುತ್ತದೆ. ಬೈಕಿಗೆ ಟೋಲ್ ಇಲ್ಲ, ಕ್ಯಾಮೆರಾ ಇದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆರೋಪಿಯ ಮಾತಿನ ಮೇಲೆ ಸಿಕ್ಕ ವಸ್ತು ನಿಲ್ಲುತ್ತದೆ. ಮಂಜು ಎಲ್ಲವನ್ನೂ ಬಾಯಿಬಿಟ್ಟರೂ, ಅವನು ತೋರಿಸಿಕೊಡಬಲ್ಲದ್ದು ತಾನು ಬಚ್ಚಿಟ್ಟ ಕಬ್ಬಿಣದ ಸಲಾಕೆ ಒಂದನ್ನೇ.

ತನಿಖೆ ಮಾಡುವ ಪಿಎಸ್‌ಐ ಹೆಂಗಸಾಗಿರಲಿ ಎಂದು ನಾನು ಹಟ ಹಿಡಿದು ಹೇಳುತ್ತೇನೆ. ಕಥೆಯಲ್ಲಿರುವ ಒಬ್ಬಳೇ ಹೆಂಗಸು ಮೋಸಗಾತಿಯಾದರೆ, ಅದು "ಹೆಂಗಸರೆಲ್ಲ ಹೀಗೇ" ಎನ್ನುವ ಕಟ್ಟೆಮಾತಿಗೆ ಇಳಿಯುತ್ತದೆ. ಪಿಎಸ್‌ಐ, ಅತ್ತೆ, ಮದುವೆಯಾದ ತಂಗಿ ಎಲ್ಲರಿಗೂ ಅವರವರ ಬುದ್ಧಿ, ಅವರವರ ಲೆಕ್ಕ ಕೊಡಿ. ಆಗ ಗಿರಿಜಾ ಒಬ್ಬ ವ್ಯಕ್ತಿಯಾಗಿ ನಿಲ್ಲುತ್ತಾಳೆ, ಇಡೀ ಹೆಣ್ಣುಕುಲದ ಪ್ರತಿನಿಧಿಯಾಗಿ ಅಲ್ಲ.

ಹಂತ 10: ಅವಳ ಕೊನೆ

ಹಾಲಿವುಡ್‌ನಲ್ಲಿ 1934ರಿಂದ 1968ರವರೆಗೆ ನಿರ್ಮಾಣ ಸಂಹಿತೆಯೊಂದು ಜಾರಿಯಲ್ಲಿತ್ತು, ಅಪರಾಧಿಗೆ ಶಿಕ್ಷೆಯಾಗಲೇಬೇಕಿತ್ತು. ಹಳೆಯ ಚಿತ್ರಗಳ ಮಾಯಗಾತಿಯರು ಕೊನೆಗೆ ಗುಂಡೇಟಿಗೆ ಸಾಯುತ್ತಿದ್ದದ್ದು ಅದಕ್ಕೆ. ನಿಮಗೆ ಆ ಕಟ್ಟಿಲ್ಲ. 'ಬಾಡಿ ಹೀಟ್'ನವಳು ಕೊನೆಯಲ್ಲಿ ದೂರದ ಕಡಲತೀರದಲ್ಲಿ ಮಲಗಿರುತ್ತಾಳೆ.

ಶಿಕ್ಷೆಯೋ ಬಿಡುಗಡೆಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹಂತ 1ರ ನೋಟ್‌ಬುಕ್ ತೆಗೆದು, ಅವಳಿಗೆ ಬೇಕಾದದ್ದು ಸಿಕ್ಕಿತೇ, ಎಷ್ಟು ಸಿಕ್ಕಿತು ಎಂದು ನೋಡಿ. ಗಿರಿಜಾ ಗೆದ್ದಳು. ಮಂಜು ಜೈಲಿನಲ್ಲಿದ್ದಾನೆ. ಪೌತಿ ಖಾತೆ ಆಯಿತು, ಪಹಣಿಯಲ್ಲಿ ಮೂರು ಹೆಸರು. ತೋಟದ ಮೂರನೇ ಒಂದು ಪಾಲು ಅತ್ತೆಯದು. ಆ ಮುದುಕಿ ಮಗನನ್ನು ಕಳಕೊಂಡವಳು, ಎಲ್ಲವನ್ನೂ ಊಹಿಸಿದವಳು. ಪಾಲು ಬಿಟ್ಟುಕೊಡುವುದಿಲ್ಲ, ಮನೆ ಬಿಟ್ಟು ಹೋಗುವುದೂ ಇಲ್ಲ. ದಿನಾ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿಯುತ್ತಾರೆ. "ತೋಟದ ಕಡೆ ಹೋಗಿ ಬರಾಣೇನು ಗಿರಿಜವ್ವ?" ಎನ್ನುತ್ತಾಳೆ ಅತ್ತೆ.

ಬಯಲಾಗುವ ದೃಶ್ಯದಲ್ಲಿ ಅವಳು ವಿವರಣೆ ಕೊಡಬಾರದು. ಕೋರ್ಟಿನ ಹೊರಗೆ, ಪೊಲೀಸರ ನಡುವೆ ನಿಂತ ಅವನ ಮುಂದೆ ಹಾದುಹೋಗುವಾಗ, "ಊಟ ಮಾಡೀರೇನು ಮಂಜಣ್ಣ?" ಎಂದರೆ ಸಾಕು. ಆ "ಅಣ್ಣ" ವಾಪಸ್ ಬಂದದ್ದು ಅವನಿಗೆ ಅರ್ಥವಾಗುತ್ತದೆ, ಓದುಗರಿಗೂ.

ಕರಡು ಮುಗಿದ ಮೇಲೆ

ಒಂದು ವಾರ ಬಿಟ್ಟು ಇಡೀ ಕಥೆಯನ್ನು ಅವಳ ಕಡೆಯಿಂದ ಓದಿ. ಅವಳು ಬರುವ ಪ್ರತಿ ದೃಶ್ಯದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎರಡು ಸಾಲು ಗುರುತುಹಾಕಿ: ಇವತ್ತು ಅವಳು ಏನು ಪಡೆಯಲು ಬಂದಳು, ಏನು ತೆಗೆದುಕೊಂಡು ಹೋದಳು. ಯಾವ ದೃಶ್ಯಕ್ಕೆ ಉತ್ತರ ಬರೆಯಲು ಆಗಲಿಲ್ಲವೋ, ಅಲ್ಲಿ ಅವಳು ಬರೀ ಅಲಂಕಾರಕ್ಕೆ ನಿಂತಿದ್ದಾಳೆ. ಅದನ್ನು ತೆಗೆದುಹಾಕಿ, ಇಲ್ಲವೇ ಹಂತ 1ಕ್ಕೆ ಹೋಗಿ ಆ ದಿನದ ತಾರೀಖು ಹಾಕಿ ಅವಳ ಪುಟ ಬರೆಯಿರಿ.